ಕೇಳದೆ ಕೊಟ್ಟ ಅಂಕ

ಪ್ರತಿ ವರ್ಷ ಮಾರ್ಚ್ ಬಂತೆಂದರೆ ನನ್ನ ಮೇಲ್‌ಬಾಕ್ಸಿಗೆ ಒಂದು ಎಕ್ಸೆಲ್ ಹಾಳೆ ಬಂದು ಬೀಳುತ್ತದೆ. ನನ್ನ ಪ್ರಾಜೆಕ್ಟಿನ ಇಪ್ಪತ್ತೆರಡು ಜನರ ಹೆಸರು, ಎದುರಿಗೊಂದು ಖಾಲಿ ಕಾಲಂ. ಒಂದರಿಂದ ಐದರೊಳಗೆ ಅಂಕ ತುಂಬಬೇಕು. ತುಂಬಿ ಕಳಿಸಿದ ಎರಡನೇ ದಿನ ಫೋನು ಬರುತ್ತದೆ: "ನಿಮ್ಮಲ್ಲಿ ಐದು ಜಾಸ್ತಿ ಆಗಿವೆ. ಇಬ್ಬರನ್ನು ಇಳಿಸಿ." ಬೆಲ್ ಕರ್ವ್ ಎಂಬ ದೇವರಿಗೆ ಇಬ್ಬರ ಬಲಿ. ಹಾಗೆ ಇಳಿಸಿದವರಲ್ಲಿ ಕೆಲವರ ಕೆಲಸವನ್ನು ನಾನು ಸರಿಯಾಗಿ ನೋಡಿಯೇ ಇರುವುದಿಲ್ಲ. ಯಾರೋ ಹೇಳಿದ್ದು, ಯಾವುದೋ ಮೀಟಿಂಗಿನಲ್ಲಿ ಕಿವಿಗೆ ಬಿದ್ದದ್ದು, ಅಷ್ಟರ ಮೇಲೆ ಒಬ್ಬನ ಒಂದು ವರ್ಷ 'ಮೂರು' ಆಗುತ್ತದೆ. ಅಂಕ ಹಾಕುವ ಕಸುಬು ಒಳಗಿನಿಂದ ಹೇಗಿರುತ್ತದೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನಾನು ತಿಂಗಳಿಗೊಂದು ಭಾನುವಾರ ಅದೇ ಕಾಲಂ ಅನ್ನು ಖುಷಿಯಿಂದ ತುಂಬುತ್ತಿದ್ದೆ. ಈ ಬರಹ ಅದರ ಬಗ್ಗೆ.

ಪುಣೆಯಲ್ಲಿ ನಾವು ಎಂಟ್ಹತ್ತು ಮಂದಿ ಕನ್ನಡಿಗರು, ಹಿಂಜೇವಾಡಿ, ಬಾಣೇರ್, ಕೋಥ್ರೂಡ್ ಕಡೆ ಹರಡಿಕೊಂಡವರು, ರಾಕ್ ಸಂಗೀತದ ಹುಚ್ಚಿಗೆ ಒಟ್ಟಾದವರು. ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಚಹಾ, ಗಿರಮಿಟ್ಟು, ಒಂದು ಒಳ್ಳೆಯ ಸ್ಪೀಕರ್. ತಿಂಗಳಿಗೊಂದು ಆಲ್ಬಮ್. ಕೊನೆಗೆ ಎಲ್ಲರೂ ಹತ್ತಕ್ಕೆ ಎಷ್ಟು ಎಂದು ಹೇಳಬೇಕು, ದಶಮಾಂಶ ಸಮೇತ. ಏಳು ಪಾಯಿಂಟ್ ನಾಲ್ಕು. ಆರು ಪಾಯಿಂಟ್ ಎಂಟು. ಈ ದಶಮಾಂಶದ ಚಟ ಅಮೆರಿಕದ ಪಿಚ್‌ಫೋರ್ಕ್ ಪತ್ರಿಕೆಯಿಂದ ಬಂದದ್ದು. ನಮ್ಮ ತಲೆಮಾರಿನ ಇಂಡೀ ಕೇಳುಗರಿಗೆ ಅದು ಪಂಚಾಂಗ ಇದ್ದ ಹಾಗೆ. 7.4ಕ್ಕೂ 7.5ಕ್ಕೂ ನಡುವೆ ಏನಿದೆ ಎಂದು ನಾವ್ಯಾರೂ ಯಾರನ್ನೂ ಕೇಳಿದ್ದಿಲ್ಲ.

ಒಂದು ಭಾನುವಾರ ಸಿಂಧನೂರಿನ ಕಡೆಯ ಹುಡುಗನೊಬ್ಬ ಬಂದ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಲಿಂಕಿನ್ ಪಾರ್ಕ್ ತಂಡ 2024ರಲ್ಲಿ ಹೊಸ ಗಾಯಕಿಯೊಂದಿಗೆ ಮತ್ತೆ ಶುರುವಾಗಿದ್ದ ಸಮಯ. ಮುಂದಿನ ತಿಂಗಳು ಯಾವ ಆಲ್ಬಮ್ ಎಂದಾಗ ಅವನು ಸಂಕೋಚದಲ್ಲೇ, "ಸರ, ಹೈಬ್ರಿಡ್ ಥಿಯರಿ ಹಚ್ಚೋಣೇನ್ರೀ?" ಅಂದ. ಲಿಂಕಿನ್ ಪಾರ್ಕಿನ ಮೊದಲ ಆಲ್ಬಮ್, 2000ದ್ದು.

ನಕ್ಕವರಲ್ಲಿ ನಾನೇ ಮೊದಲಿಗ. "ಅದು ಮೀಸೆ ಬರೋಕಿಂತ ಮುಂಚೆ ಕೇಳೋದಪ್ಪ" ಅಂದೆ. ಕೋಣೆಯೆಲ್ಲ ನಕ್ಕಿತು. ಒಬ್ಬರು "ಓವರ್‌ಪ್ರೊಡ್ಯೂಸ್ಡ್" ಅಂದರು, ಇನ್ನೊಬ್ಬರು "ಡೆರಿವೇಟಿವ್", ಮತ್ತೊಬ್ಬರು "ಟೀನೇಜ್ ಆ್ಯಂಗ್ಸ್ಟ್". ಆಲ್ಬಮ್ ಹಾಕದೆಯೇ ಅಂಕ ಬಂತು: ನಾಲ್ಕು. ಹುಡುಗ ಸುಮ್ಮನೆ ಕೂತಿದ್ದ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ನನ್ನೊಬ್ಬನಿಗೇ ಕೇಳಿದ: "ಸರ, ನೀವು ಅದನ್ನ ಪೂರ್ತಿ ಕೇಳೀರೇನ್ರೀ?" ಚುಚ್ಚುವ ದನಿ ಇರಲಿಲ್ಲ. ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದ. ನಾನು "ಹ್ಞೂಂ, ಯಾವಾಗೋ" ಅಂದೆ.

ಸುಳ್ಳು. ಎರಡು ಹಾಡು ಎಫ್.ಎಂ.ನಲ್ಲಿ ಕೇಳಿದ್ದೆ. ಉಳಿದದ್ದನ್ನು ಓದಿದ್ದೆ. ಹುಡುಗ ಮತ್ತೆ ನಮ್ಮ ಕೂಟಕ್ಕೆ ಬರಲಿಲ್ಲ.

ಈಗ ನೇರ ವಿಷಯಕ್ಕೆ ಬರುತ್ತೇನೆ. ನಮ್ಮಂಥ ರಾಕ್ ಪ್ರೇಮಿಗಳ ಅಭಿಪ್ರಾಯಗಳಲ್ಲಿ ಬಹುಪಾಲು ನಮ್ಮವಲ್ಲ. ಕಡ ತಂದವು. ಅದೂ ಕೈಗಡ, ಯಾರಿಂದ ತಂದೆವೆಂದೇ ಮರೆತದ್ದು. 'ಮೊದಲ ಆಲ್ಬಮ್ಮೇ ಬೆಸ್ಟ್', 'ಆಮೇಲೆ ಸೆಲ್‌ಔಟ್ ಆದರು', 'ಕೋಲ್ಡ್‌ಪ್ಲೇ ಕೇಳುವವನು ಸಂಗೀತ ಕೇಳುವವನಲ್ಲ' ಇವೆಲ್ಲ ಕಿವಿಯಿಂದ ಹುಟ್ಟಿದ ಮಾತುಗಳಲ್ಲ. ಕೂಟದಲ್ಲಿ ನಮ್ಮ ಜಾಗ ಕಾಯ್ದುಕೊಳ್ಳಲು ಆಡುವ ಮಾತುಗಳು. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನವಿ ಮುಂಬೈಗೆ ಬಂದಾಗ ನಮ್ಮಲ್ಲಿ ಇಬ್ಬರು ಗುಟ್ಟಾಗಿ ಹೋಗಿ ಬಂದರು. ನಲವತ್ತು ದಾಟಿದ, ಮನೆ ಸಾಲ ಕಟ್ಟುತ್ತಿರುವ, ಮಕ್ಕಳಿರುವ ಗಂಡಸರು ಹಾಡು ಕೇಳಲು ಹೋದದ್ದನ್ನು ಸ್ನೇಹಿತರಿಂದ ಮುಚ್ಚಿಡಬೇಕಾಯಿತು! ಇದಕ್ಕಿಂತ ನಾಚಿಕೆಗೇಡು ಬೇಕೆ?

ಕಡ ತಂದ ಅಭಿಪ್ರಾಯದ ಇನ್ನೊಂದು ಅಪಾಯವೆಂದರೆ, ಕೊಟ್ಟವನು ಅದನ್ನು ಯಾವತ್ತು ಬೇಕಾದರೂ ವಾಪಸ್ ತಗೊಳ್ಳುತ್ತಾನೆ. ವೀಜರ್ ತಂಡದ 'ಪಿಂಕರ್ಟನ್' 1996ರಲ್ಲಿ ಬಂದಾಗ ರೋಲಿಂಗ್ ಸ್ಟೋನ್ ಪತ್ರಿಕೆಯ ಓದುಗರು ಅದನ್ನು ಆ ವರ್ಷದ ಅತಿ ಕೆಟ್ಟ ಆಲ್ಬಮ್‌ಗಳ ಸಾಲಿಗೆ ಸೇರಿಸಿದ್ದರು. 2004ರಲ್ಲಿ ಅದೇ ಪತ್ರಿಕೆ ಅದಕ್ಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. ಲಿಜ್ ಫೇರ್ ತನ್ನದೇ ಹೆಸರಿನಲ್ಲಿ 2003ರಲ್ಲಿ ತಂದ ಆಲ್ಬಮ್‌ಗೆ ಪಿಚ್‌ಫೋರ್ಕ್ ಕೊಟ್ಟದ್ದು 0.0. ಸೊನ್ನೆ ಪಾಯಿಂಟ್ ಸೊನ್ನೆ! ಹದಿನೆಂಟು ವರ್ಷದ ಮೇಲೆ, 2021ರಲ್ಲಿ, ಪತ್ರಿಕೆ ತನ್ನ ಹಳೆಯ ಅಂಕಗಳನ್ನು ಮರುಪರಿಶೀಲಿಸಿ ಅದನ್ನು 6.0 ಮಾಡಿತು. ಆಲ್ಬಮ್ಮಿನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಈ ಹದಿನೆಂಟು ವರ್ಷ ಆ ಸೊನ್ನೆಯನ್ನು ನಂಬಿ ಆಲ್ಬಮ್ಮನ್ನು ಕೇಳದೇ ಬಿಟ್ಟವರಿಗೆ ಯಾರು ಜವಾಬು? ನಮ್ಮ ಆಫೀಸುಗಳಲ್ಲೂ ಹೀಗೇ. ಹಳೆಯ ಅಪ್ರೈಸಲ್ಲಿನ ತಪ್ಪನ್ನು ಒಪ್ಪಿಕೊಳ್ಳುವ ಹೊತ್ತಿಗೆ ಆ ಮನುಷ್ಯ ಕೆಲಸ ಬಿಟ್ಟು ಹೋಗಿರುತ್ತಾನೆ.

ಇಲ್ಲಿ ಒಬ್ಬ ಓದುಗ ಮಿತ್ರರು ಕೈ ಎತ್ತುತ್ತಾರೆಂದು ಗೊತ್ತು. "ಹಾಗಾದರೆ ಎಲ್ಲವೂ ಒಳ್ಳೆಯದೇ? ಯಾರೂ ಯಾವುದನ್ನೂ ಕೆಟ್ಟದ್ದು ಅನ್ನಬಾರದೆ?" ಖಂಡಿತ ಅನ್ನಬೇಕು. ಗಟ್ಟಿಯಾಗಿ ಅನ್ನಬೇಕು. ಆದರೆ ಕೇಳಿ ಅನ್ನಬೇಕು. ಲೆಸ್ಟರ್ ಬ್ಯಾಂಗ್ಸ್ ಎಂಬ ಅಮೆರಿಕದ ವಿಮರ್ಶಕ ಇದ್ದ. 1982ರಲ್ಲಿ ಮೂವತ್ಮೂರನೇ ವಯಸ್ಸಿಗೇ ತೀರಿಕೊಂಡ. 1969ರಲ್ಲಿ ಎಂ.ಸಿ.5 ತಂಡದ ಆಲ್ಬಮ್ಮನ್ನು ರೋಲಿಂಗ್ ಸ್ಟೋನ್‌ನಲ್ಲಿ ಚೆನ್ನಾಗಿ ಝಾಡಿಸಿದ. ಆಮೇಲೂ ಕೇಳುತ್ತಲೇ ಇದ್ದ. ಕೊನೆಗೆ ಅದು ಅವನ ಮೆಚ್ಚಿನ ಆಲ್ಬಮ್‌ಗಳಲ್ಲಿ ಒಂದಾಯಿತು, ಅದನ್ನೂ ಬರೆದು ಹೇಳಿದ. ಬೈದದ್ದೂ ಅವನ ಕಿವಿಯೇ, ಮೆಚ್ಚಿದ್ದೂ ಅವನ ಕಿವಿಯೇ. ಅಂಥವನ ಜೊತೆ ಜಗಳ ಆಡಬಹುದು. ನಮ್ಮ ಜೊತೆ ಜಗಳ ಆಡುವುದು ಹೇಗೆ? ನಮ್ಮ ಮಾತಿನ ಹಿಂದೆ ಯಾರೂ ಇಲ್ಲವಲ್ಲ.

ಅಭಿಮಾನಿಗಳಿಗೆ ಕಿವಿ ಇಲ್ಲವೆಂದೂ ನಾನು ಹೇಳುತ್ತಿಲ್ಲ. 1988ರಲ್ಲಿ ಬಂದ ಮೆಟಾಲಿಕಾದ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' ಕೇಳಿ ನೋಡಿ. ಬೇಸ್ ಗಿಟಾರ್ ಹುಡುಕಿದರೂ ಸಿಗುವುದಿಲ್ಲ. ಅದನ್ನು ಹೇಳಲು ಯಾವ ವಿಮರ್ಶಕನೂ ಬೇಕಾಗಿಲ್ಲ. ಇಪ್ಪತ್ತು ವರ್ಷದ ಮೇಲೆ, 2008ರಲ್ಲಿ, ಅದೇ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂತು. ಅದರ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೋ ಗೇಮಿಗೂ ಬಂದಿದ್ದವು. ಅಭಿಮಾನಿಗಳು ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರು. ಗೇಮಿನಲ್ಲಿ ಡ್ರಮ್ಮಿನ ಏಟು ಏಟಾಗಿಯೇ ಕೇಳುತ್ತಿತ್ತು. ಸಿ.ಡಿ.ಯಲ್ಲಿ ಎಲ್ಲವನ್ನೂ ಒಂದೇ ಎತ್ತರಕ್ಕೆ ಒತ್ತಿ ತುಂಬಿದ್ದರಿಂದ ಸದ್ದು ಒಡೆದುಹೋಗಿತ್ತು. ಮತ್ತೆ ಮಿಕ್ಸ್ ಮಾಡಿ ಕೊಡಿ ಎಂದು ಸಾವಿರಾರು ಜನ ಸಹಿ ಹಾಕಿದರು. ಅಭಿಪ್ರಾಯ ಎಂದರೆ ಇದು. ಒಂದು ಜಾಗ ತೋರಿಸಿ "ಇಲ್ಲಿ ಕೇಳು" ಅನ್ನುವುದು. ಅಂಕ ಎಲ್ಲೂ ಬರಲಿಲ್ಲ ನೋಡಿ.

ನಮ್ಮ ರೋಗದ ಮೂಲ ಎಲ್ಲಿದೆ ಎಂದು ಹುಡುಕುತ್ತ ಹೋದಾಗ ನನಗೆ ಕಂಡದ್ದು ಭಾಷೆ. ನಮ್ಮ ಕೂಟದಲ್ಲಿ ಮನೆ ಮಾತು, ಊರ ಸುದ್ದಿ, ಗಿರಮಿಟ್ಟಿಗೆ ಖಾರ ಕಡಿಮೆಯಾಯಿತು ಎಂಬ ದೂರು, ಎಲ್ಲ ಕನ್ನಡದಲ್ಲಿ. ಆಲ್ಬಮ್ ಶುರುವಾದ ತಕ್ಷಣ ಇಂಗ್ಲಿಷ್. ಕಾರಣ ಸರಳ: ಇಂಗ್ಲಿಷಿನಲ್ಲಿ ಹೇಳಬೇಕಾದ್ದೆಲ್ಲ ಆಗಲೇ ತಯಾರಾಗಿದೆ. 'ಡೆರಿವೇಟಿವ್' ಅನ್ನಲು ಯಾವುದರಿಂದ ಎತ್ತಿದ್ದು ಎಂದು ಗೊತ್ತಿರಬೇಕಾಗಿಲ್ಲ, 'ಓವರ್‌ಪ್ರೊಡ್ಯೂಸ್ಡ್' ಅನ್ನಲು ಸ್ಟುಡಿಯೋದಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿರಬೇಕಾಗಿಲ್ಲ. ಅದೇ ಮಾತನ್ನು ಕನ್ನಡದಲ್ಲಿ ಹೇಳಲು ಹೋಗಿ. ಬಾಯಿ ಕಟ್ಟುತ್ತದೆ. ಕನ್ನಡದಲ್ಲಿ ರಾಕ್ ವಿಮರ್ಶೆಯ ಸಿದ್ಧಪದಗಳಿಲ್ಲ ಎಂದು ನಾವು ಕೊರಗುತ್ತೇವಲ್ಲ, ನನಗೆ ಈಗ ಅದೇ ದೊಡ್ಡ ಲಾಭವೆನಿಸುತ್ತದೆ. ಪದ ಸಿಗದವನು ವಾಪಸ್ ಹಾಡಿಗೇ ಹೋಗಬೇಕು. ಗಾಯಕನ ದನಿ ಎಲ್ಲಿ ಬಿರಿಯಿತು, ಗಿಟಾರು ಎಲ್ಲಿ ಹಿಂದೆ ಸರಿಯಿತು, ಲಯ ಎಲ್ಲಿ ಕಾಲೆಳೆಯಿತು ಎಂದು ಕೇಳಿಯೇ ಹೇಳಬೇಕು.

ಹಾಗಂತ ಕನ್ನಡಕ್ಕೆ ಕೇಳುವುದನ್ನು ಯಾರೂ ಕಲಿಸಬೇಕಿಲ್ಲ. ನಾನು ಹುಬ್ಬಳ್ಳಿಯವನು. ನಾವಿರುವ ಈ ಪುಣೆಯಲ್ಲೇ, ಗದಗಿನ ಕಡೆಯ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರುಮಾಡಿದ ಸಂಗೀತೋತ್ಸವ ಡಿಸೆಂಬರ್ ಬಂದರೆ ಈಗಲೂ ನಡೆಯುತ್ತದೆ. ಅಲ್ಲಿ ನನ್ನ ಮಾವನವರ ಪಕ್ಕ ಕೂತಿದ್ದೇನೆ. ಅಲ್ಲೂ ಜಂಬವಿದೆ, ಘರಾಣೆಯ ಜಗಳವಿದೆ, ಬೈಗುಳವಿದೆ. ಆದರೆ ಮಾವನವರು ಬೈದರೆ "ಆ ತಾನಿನೊಳಗ ಕೊನೀಗೆ ಉಸಿರು ಸಾಲಲಿಲ್ಲ ನೋಡ್ರಿ" ಎಂದು ಬೈಯುತ್ತಾರೆ. ಎರಡು ತಾಸು ಕೂತು ಕೇಳಿದ ಮೇಲೆ ಬೈಯುತ್ತಾರೆ. ಅದೇ ಮನೆಯ ಅಳಿಯ ನಾನು, ಮೂವತ್ತೆಂಟು ನಿಮಿಷವೂ ಇಲ್ಲದ ಆಲ್ಬಮ್ಮನ್ನು ಕೇಳದೆ ಫೇಲ್ ಮಾಡಿದೆ.

ಇನ್ನೊಂದು ತಪ್ಪೊಪ್ಪಿಗೆಯೂ ಇದೆ. ಮೂರು ವರ್ಷದ ನಮ್ಮ ಪಟ್ಟಿಯನ್ನು ಮೊನ್ನೆ ತೆಗೆದು ನೋಡಿದೆ. ಅದರಲ್ಲಿ ಕನ್ನಡದ ದನಿ ಇರುವ ಒಂದು ಆಲ್ಬಮ್ಮೂ ಇಲ್ಲ. ರಘು ದೀಕ್ಷಿತ್ 2008ರಲ್ಲಿ ತಂದ ಮೊದಲ ಆಲ್ಬಮ್ಮಿನಲ್ಲಿ ಶರೀಫರ ತತ್ವಪದಗಳು ಗಿಟಾರಿನ ಜೊತೆ ನಡೆದು ಬಂದಿದ್ದವು. ಯಾರೋ ಒಮ್ಮೆ ಅದರ ಹೆಸರೆತ್ತಿದಾಗ "ಅದು ಫೋಕ್, ಇಂಡೀ ಅಲ್ಲ" ಎಂದು ತಳ್ಳಿಹಾಕಿದೆವು. ಇಂಡೀ ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ಮಾಡಿದ ಸಂಗೀತ ಎಂದು ಅರ್ಥವಿದ್ದ ಕಾಲ ಹೋಗಿ, ನಮ್ಮ ಮಟ್ಟಿಗೆ ಅದು ಬ್ರೂಕ್ಲಿನ್ನಿನ ಹುಡುಗರು ಮಾಡಿದ ಸಂಗೀತ ಎಂದಾಗಿತ್ತು.

ನಾವು ಮೊದಲಿನಿಂದಲೂ ಹೀಗಿರಲಿಲ್ಲ. ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಎಂ.ಟೆಕ್ ಓದುವಾಗ ನಮ್ಮ ಕೋಣೆಯಲ್ಲಿದ್ದದ್ದು ಒಟ್ಟು ಹನ್ನೊಂದು ಕ್ಯಾಸೆಟ್ಟು. ಅದರಲ್ಲೊಂದು ರೇಡಿಯೋಹೆಡ್‌ನ 'ಓಕೆ ಕಂಪ್ಯೂಟರ್', ಯಾರೋ ಕಾಪಿ ಮಾಡಿಕೊಟ್ಟದ್ದು. ಅದರ ನಡುವೆ ಯಂತ್ರದ ದನಿಯೊಂದು ಮಾತಾಡುವ ತುಣುಕು ಬರುತ್ತದೆ. ಮೊದಲ ಸಲ ಕೇಳಿದಾಗ ಕ್ಯಾಸೆಟ್ಟು ಕೆಟ್ಟಿದೆ ಎಂದುಕೊಂಡು ಪೆನ್ನು ತೂರಿಸಿ ಸುತ್ತಿದ್ದೆವು! ಅದು ಆಲ್ಬಮ್ಮಿನದೇ ಭಾಗ ಎಂದು ತಿಳಿಯಲು ವಾರ ಹಿಡಿಯಿತು. ಆಲ್ಬಮ್ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಯಾರೂ ಇರಲಿಲ್ಲ, ಹಾಗಾಗಿ ನಾವೇ ಕೇಳಬೇಕಾಯಿತು. ಈಗ ಜಗತ್ತಿನ ಸಂಗೀತವೆಲ್ಲ ಜೇಬಿನಲ್ಲಿದೆ, ಎಲ್ಲದರ ಬಗ್ಗೆ ಅಭಿಪ್ರಾಯವೂ ಇದೆ, ಕೇಳುವ ಪುರುಸೊತ್ತು ಮಾತ್ರ ಇಲ್ಲ.

ಆ ಹುಡುಗ ಹೋದ ಮೇಲೆ 'ಹೈಬ್ರಿಡ್ ಥಿಯರಿ'ಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಆಫೀಸಿನಿಂದ ಬರುವ ದಾರಿಯಲ್ಲಿ, ಟ್ರಾಫಿಕ್ಕಿನಲ್ಲಿ, ನಾಲ್ಕು ದಿನ. ಮೊದಲ ಹಾಡಿನ ಕೊನೆಯಲ್ಲಿ ಒಬ್ಬನ ಬಿರುಸು ಮಾತಿನ ಮೇಲೆ ಇನ್ನೊಬ್ಬನ ಹಾಡು ಬಂದು ಕೂರುತ್ತದೆ. ಇಬ್ಬರೂ ಒಬ್ಬನದೇ ತಲೆಯೊಳಗೆ ಜಗಳ ಆಡುತ್ತಿದ್ದಾರೆ ಅನ್ನಿಸಿತು. ಚೆಸ್ಟರ್ ಬೆನಿಂಗ್ಟನ್ ಕಿರುಚುವಾಗಲೂ ಶ್ರುತಿ ಬಿಡುವುದಿಲ್ಲ. ಕಿರುಚುವುದೆಂದರೆ ಕಂಟ್ರೋಲ್ ತಪ್ಪುವುದು ಎಂದುಕೊಂಡಿದ್ದ ನನಗೆ ಇದು ಹೊಸದು. ಹನ್ನೊಂದನೆಯದರಲ್ಲಿ ಹಾಡುವವರೇ ಇಲ್ಲ, ಬರೀ ಡಿ.ಜೆ.ಯ ಕೈಚಳಕ. ಕೆಲವು ಹಾಡುಗಳ ಕಟ್ಟಡ ಒಂದೇ ಅಚ್ಚಿನದು: ಮೆಲ್ಲಗೆ, ಜೋರು, ಮೆಲ್ಲಗೆ, ಜೋರು. ಅದು ನನಗೆ ಹಿಡಿಸಲಿಲ್ಲ. 2017ರಲ್ಲಿ ಚೆಸ್ಟರ್ ತನ್ನ ಜೀವ ತಾನೇ ತೆಗೆದುಕೊಂಡದ್ದು ಗೊತ್ತಿರುವುದರಿಂದ, ನಾವು 'ಟೀನೇಜ್ ಆ್ಯಂಗ್ಸ್ಟ್' ಎಂದು ನಕ್ಕದ್ದನ್ನು ಈಗ ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ. ಆ ಹುಡುಗನಿಗೆ ಆ ಆಲ್ಬಮ್ ಏನಾಗಿತ್ತು, ಎಂಥ ದಿನಗಳಲ್ಲಿ ಅದನ್ನು ಕೇಳಿದ್ದ, ನನಗೆ ಗೊತ್ತಿಲ್ಲ. ಹೇಳಲು ಬಂದಿದ್ದ. ನಾವು ಬಿಡಲಿಲ್ಲ.

ಕಳೆದ ತಿಂಗಳು ಕೂಟದಲ್ಲಿ ಮೂರು ಮಾತು ಇಟ್ಟೆ. ಒಂದು, ಅಂಕ ಬೇಡ. ಎರಡು, ಪೂರ್ತಿ ಕೇಳದವರು ಆ ದಿನ ಬರೀ ಚಹಾ ಕುಡಿಯಲಿ. ಮೂರು, ಬೈಯಲಿ, ಹೊಗಳಲಿ, ಕನ್ನಡದಲ್ಲಿ, ಹಾಡಿನ ಒಂದು ಜಾಗ ತೋರಿಸಿ. ಇಬ್ಬರು ಸಿಟ್ಟಾದರು. "ಕನ್ನಡ ಸಂಘ ಮಾಡ್ತೀರೇನು?" ಎಂದು ಒಬ್ಬರು ಎದ್ದು ಹೋದರು. ಮೂರನೆಯ ಮಾತು ಅವರಿಗೆ ಕಷ್ಟವಾಗಿರಬೇಕು, ನನಗೂ ಆಗುತ್ತಿದೆ.

ಹುಡುಗನಿಗೆ ಮೆಸೇಜ್ ಮಾಡಿದ್ದೇನೆ. ಪೂರ್ತಿ ಕೇಳಿರಲಿಲ್ಲ, ಸುಳ್ಳು ಹೇಳಿದ್ದೆ, ಈಗ ಕೇಳಿದ್ದೇನೆ ಎಂದು ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು: "ಇರ್ಲಿ ಬಿಡ್ರಿ ಸರ. ಯಾವ ಹಾಡು ಛಲೋ ಅನಿಸ್ತು?" ಬರುತ್ತಾನೋ ಇಲ್ಲವೋ ತಿಳಿಸಿಲ್ಲ. ಮುಂದಿನ ಭಾನುವಾರ ನಮ್ಮ ಮನೆಯಲ್ಲೇ ಕೂಟ, ಅದೇ ಆಲ್ಬಮ್. ಮೊದಲು ಮಾತಾಡಬೇಕಾದವನು ನಾನು.