ಗಾಂಧಾರಿಯ ಗಂಭೀರ ಕಂಠ
ಅಹಮದಾಬಾದಿನ ಮಣಿನಗರದಲ್ಲಿ ನವರಾತ್ರಿಯ ಒಂಬತ್ತು ಇರುಳೂ ಗರ್ಬಾದ ಧ್ವನಿವರ್ಧಕಗಳು ಸ್ತ್ರೀಕಂಠವನ್ನು ತಾರಸ್ಥಾಯಿಯಲ್ಲಿಯೇ ಮೊಳಗಿಸುತ್ತಿರುವುದರಿಂದ, ಇಲ್ಲಿನ ನೆರೆಯವರಿಗೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಿಕೆಯನ್ನು ಹಾಕಿ ಕೇಳಿಸಿದರೆ, ಹಾಡುತ್ತಿರುವಾತ ಯಾರೆಂದು ಅವರು ಪ್ರಶ್ನಿಸುವುದರಲ್ಲಿ ಸೋಜಿಗವೇನೂ ಇಲ್ಲ. 1913ರಲ್ಲಿ ಧಾರವಾಡದಲ್ಲಿ ಜನಿಸಿ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಸ್ವಾಗತಗೀತೆ ಹಾಡಿದ ಬಾಲಿಕೆಯ, ಮುಂದೆ ಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂದು ಹೆಸರು ಅಚ್ಚಾದ ತರುಣಿಯ ಕಂಠ ತೆಳುವಾಗಿಯೇ ಇದ್ದಿತು. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಅದು ಪುರುಷಕಂಠದಂತೆ ಘನವಾಗಿ ಇಳಿಯಲು, ಅನ್ಯರು ದುರ್ದೈವವೆಂದು ಕೈಚೆಲ್ಲಬಹುದಾಗಿದ್ದುದನ್ನೇ ಅವರು ಕಿರಾನಾ ಘರಾಣೆಯ ವಿಲಂಬಿತ ಆಲಾಪಕ್ಕೆ ಆಧಾರವಾಗಿ ಮಾಡಿಕೊಂಡರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಗುರು ಸವಾಯಿ ಗಂಧರ್ವರೆದುರು ಕುಳಿತು, ಕೆಲವೇ ರಾಗಗಳ ಅದದೇ ಸ್ವರಪುಂಜಗಳನ್ನು ಗುರುಗಳ ಮನಸ್ಸೊಪ್ಪುವವರೆಗೆ ತಿದ್ದಿ ತೀಡಿ, ರಾತ್ರಿಯ ಹೊತ್ತಿಗೆ ಮನೆಗೆ ಮರಳುತ್ತಿದ್ದ ಆ ಶ್ರಮವನ್ನು ನೆನೆದರೆ, ಇಂದಿನ ತ್ವರಿತ ತರಬೇತಿಗಳ ವಿಷಯದಲ್ಲಿ ಮಾತನಾಡಲು ನಾಲಗೆ ಏಳದು. ಹಾಡು ಕಟ್ಟುವ ಮಾತು ಬಂದರೆ, ಆಂಗ್ಲದೇಶದ ಜೋನ್ ಆರ್ಮಟ್ರೇಡಿಂಗ್‌ರಂಥವರು ಪದವನ್ನೂ ಧಾಟಿಯನ್ನೂ ತಾವೇ ಕಟ್ಟಿಕೊಂಡು ಅರ್ಧಶತಮಾನಕ್ಕೂ ಮಿಕ್ಕು ಹಾಡಿದವರು. ಗಂಗೂಬಾಯಿಯವರ ಖ್ಯಾತಿಗೆ ಪದರಚನೆ ಕಾರಣವಲ್ಲವಾದರೂ, ಎರಡು ಸಾಲಿನ ಬಂದಿಶಿನ ಮೇಲೆ ಪ್ರತಿ ಸಭೆಯಲ್ಲಿಯೂ ರಾಗವನ್ನು ಹೊಸತಾಗಿ ಕಟ್ಟಿ ನಿಲ್ಲಿಸುವುದು, ನನ್ನ ಮಟ್ಟಿಗಂತೂ, ರಚನೆಯೇ ಸರಿ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ಪ್ರಶಸ್ತಿಗಳ ಮಾತು ಇಷ್ಟು ಸಾಕು. ಅಸ್ಥಿಮಜ್ಜೆಯ ಅರ್ಬುದರೋಗವನ್ನೂ, ಸಹಗಾಯನದಲ್ಲಿ ಜೊತೆಗಿದ್ದ ಮಗಳು ಕೃಷ್ಣಾ ಅವರ ಮರಣವನ್ನೂ ಸಹಿಸಿದ ಮೇಲೆ, 2006ರಲ್ಲಿ, ತಮ್ಮ ಗಾಯನಜೀವನಕ್ಕೆ ಎಪ್ಪತ್ತೈದು ವರ್ಷ ತುಂಬಿದ ಸಂದರ್ಭದಲ್ಲಿ, ತೊಂಬತ್ತು ದಾಟಿದ ಆ ವೃದ್ಧೆ ತಮ್ಮ ಕೊನೆಯ ಕಚೇರಿಗೆ ಕುಳಿತರು.