ಹುಣಸೆಬೀಜದ ಪುಸ್ತಕ

ಸರಕಾರಿ ಕಛೇರಿಗೆ ಹೋದಾಗ "ಕಡತ ಸಿಗ್ತಾ ಇಲ್ಲ, ನಾಳೆ ಬನ್ನಿ" ಎಂಬ ಮಾತನ್ನು ನಾವೆಲ್ಲ ಕೇಳಿದವರೇ. ಈ ಕಡತ ಎಂದರೆ ಮೊದಲು ಏನಿತ್ತು ಗೊತ್ತೇ? ಬಟ್ಟೆಯ ಪುಸ್ತಕ! ಗೇಣಗಲದ ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಚಿಡುತ್ತಿದ್ದರು. ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಅಚ್ಚಾದ ತನ್ನ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳಂತೂ ವಿದ್ವಾಂಸರಿಗೆ ಚಿರಪರಿಚಿತ.

ನಮ್ಮ ಗುಂಡ್ಲುಪೇಟೆಯಲ್ಲಿ ಹುಣಸೆಗೆ ಬರವೇ? ನಾನೂ ಒಂದು ಮಾಡಿದೆ. ಒಂದು ಪಾವು ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ನುಣ್ಣಗೆ ರುಬ್ಬಿ, ನೀರು ಬೆರೆಸಿ, ಗಂಜಿಯ ಹದಕ್ಕೆ ಕಾಯಿಸಿ. ತಳ ಹತ್ತೀತು, ಕೈ ಬಿಡಬೇಡಿ. ಕರಟದ ಇದ್ದಿಲನ್ನು ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ ಬೆರೆಸಿ. ಹಳೇ ಪಂಚೆಯ ಪಟ್ಟಿಗೆ ಎರಡೂ ಕಡೆ ಎರಡೆರಡು ಸಲ ಬಳಿಯಿರಿ. ಚೆನ್ನಾಗಿ ಒಣಗಿದ ಮೇಲೇ ಮಡಿಚಿ; ಹಸಿಯಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನನ್ನ ಮೊದಲನೆಯದು ಹಾಗೇ ಹಾಳಾಯಿತು. ಎರಡೂ ತುದಿಗೆ ರಟ್ಟು ಅಂಟಿಸಿ, ಅದಕ್ಕೂ ಕಪ್ಪು ಬಳಿಯಿರಿ. ಸೀಬೆ ಎಲೆಯ ಬೆನ್ನಿಗೆ ಗೋಂದು ಕಲಸಿದ ಗಟ್ಟಿ ಸುಣ್ಣ ತೆಳ್ಳಗೆ ಸವರಿ ರಟ್ಟಿನ ಮೇಲೆ ಒತ್ತಿದರೆ ನರನರವೂ ಬೆಳ್ಳಗೆ ಮೂಡುತ್ತದೆ. (ಎಲೆಗೆಂದು ಬಂಡೀಪುರದ ಕಾಡಿಗೆ ಕೈ ಹಾಕಬೇಡಿ, ಹಿತ್ತಲಿನದೇ ಸಾಕು!)

ನಮ್ಮತ್ತೆಯವರಿಗೆ ಈಗ ಕಣ್ಣು ಮಂಜು. ಧನುರ್ಮಾಸದಲ್ಲಿ ದಿನಕ್ಕೊಂದು ಹೊಸ ರಂಗೋಲಿ ಹಾಕುತ್ತಿದ್ದವರು, ಒಂದನ್ನೂ ಬರೆದಿಟ್ಟವರಲ್ಲ. ಕಡತ ಮುಂದಿಟ್ಟು ಬಳಪ ಕೈಗೆ ಕೊಟ್ಟೆ. ಕಪ್ಪಿನ ಮೇಲಿನ ಬಿಳಿ ಗೆರೆ ಅವರಿಗೆ ಕಾಣುತ್ತಿತ್ತು. ನಾಲ್ಕು ದಿನ ಕೂತು 21 ರಂಗೋಲಿ ಬರೆದರು. ಮರುವಾರ ಮೈದುನನ ಮಗು ಬಂದಿತ್ತು. ಸ್ಲೇಟು ಅಂದುಕೊಂಡು ಪೂರಾ ಒರೆಸಿಬಿಟ್ಟಿತು! ಮಗುವಿನ ತಪ್ಪೇನು? ಒರೆಸಿ ಮತ್ತೆ ಬರೆಯುವುದೇ ಕಡತದ ಗುಣ. ಅದು ಗೊತ್ತಿದ್ದೂ ನಾನು ನಕಲು ಮಾಡಿಟ್ಟಿರಲಿಲ್ಲ.

ಅತ್ತೆ ಗದರಲಿಲ್ಲ. "ಬಳಪ ತಾರಮ್ಮ" ಎಂದು ಮತ್ತೆ ಕೂತರು. 14 ಬಂದವು. ಉಳಿದವು ಎಷ್ಟು ಯೋಚಿಸಿದರೂ ಕೈಗೆ ಬರಲಿಲ್ಲ. ಅಂದು ಸಂಜೆಯೇ ಅಷ್ಟನ್ನೂ ಕಾಗದದ ಪುಸ್ತಕಕ್ಕೆ ಮಸಿಯಲ್ಲಿ ಇಳಿಸಿದೆ. ನೀವೂ ಹಿರಿಯರಿಂದ ಬರೆಸಿದರೆ ದೀಪ ಹಚ್ಚುವುದರೊಳಗೆ ನಕಲು ಮಾಡಿಬಿಡಿ.

ಕೊನೆಯಲ್ಲಿ ಏಳು ಪುಟ ಖಾಲಿ ಬಿಟ್ಟಿದ್ದೇನೆ. ಮೊನ್ನೆ ನಾನು ಅಂಗಳ ಸಾರಿಸುತ್ತಿದ್ದಾಗ ಅತ್ತೆ ಒಳಗಿಂದಲೇ ಕೂಗಿದರು: "ಆ ನವಿಲಿನದು ಹನ್ನೊಂದು ಚುಕ್ಕಿ ಕಣಮ್ಮ!"