ಅಟ್ಟದ ಮೇಲಿನ ಹತಾರುಗಳು

ನಮ್ಮ ಮೀಂಜದ ಹಳೆಯ ಮನೆಗಳ ಅಟ್ಟ ಹತ್ತಿ ನೋಡಿದರೆ ಒಂದು ಕಾಲದ ದುಡಿಮೆಯೇ ಅಲ್ಲಿ ಮಲಗಿದೆ. ಕೈಯಿಂದ ಕೆಂಪುಕಲ್ಲು ಕಡಿಯುತ್ತಿದ್ದ ಕೊಡಲಿ, ಅಡಿಕೆ ಸುಲಿಯುವ ಮೆಟ್ಟುಕತ್ತಿ, ಅಜ್ಜನ ಉಳಿ, ಬೈರಿಗೆ, ಮೂಲೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ. ಕಲ್ಲು ಕಡಿಯಲು, ಅಡಿಕೆ ಸುಲಿಯಲು ಮಿಷನ್ ಬಂತು, ಮಕ್ಕಳು ಗಲ್ಫಿಗೆ ಹೋದರು. ಎಸೆಯಲು ಮನಸ್ಸಿಲ್ಲ, ಬಳಸುವವರಿಲ್ಲ. ಕೊನೆಗೊಂದು ದಿನ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟುಬಿಡುತ್ತೇವೆ.

ಇಂಥ ಹತಾರುಗಳು ದೂರದ ಇಂಗ್ಲೆಂಡಿನ ಮನೆಗಳಲ್ಲೂ ರಾಶಿ ಬಿದ್ದಿದ್ದವು. 1979ರಲ್ಲಿ ಗ್ಲಿನ್ ರಾಬರ್ಟ್ಸ್ ಎಂಬವರು ಅವುಗಳಿಗೆ ಒಂದು ದಾರಿ ಕಂಡುಹಿಡಿದರು. ಹಳೆಯ ಹತಾರುಗಳನ್ನು ಸಂಗ್ರಹಿಸಿ, ರಿಪೇರಿ ಮಾಡಿ, ಆಫ್ರಿಕಾದ ಬಡಗಿ, ಕಮ್ಮಾರ, ದರ್ಜಿಗಳಿಗೆ ಕಳುಹಿಸುವ ‘ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್’ ಸಂಸ್ಥೆ ಹುಟ್ಟಿದ್ದು ಹಾಗೆ. ಸ್ವಾವಲಂಬನೆಗೆ ಹತಾರು ಎಂದು ಅದರ ಅರ್ಥ. ನೆರವು ಪಡೆದ ದೇಶಗಳಲ್ಲಿ ತಾಂಜಾನಿಯಾ ಒಂದು. 1967ರ ಅರುಷಾ ಘೋಷಣೆಯಲ್ಲಿ ಸ್ವಾವಲಂಬನೆಯನ್ನೇ ತನ್ನ ದಾರಿಯೆಂದು ಸಾರಿದ ದೇಶವದು. ಆಗಿನ ಅಧ್ಯಕ್ಷ ಜೂಲಿಯಸ್ ನೈರೇರೆ ನಮ್ಮಂತೆಯೇ ಕ್ಯಾಥೋಲಿಕರು. 1986ರಲ್ಲಿ ಚೆಶಮ್ ಎಂಬ ಊರಿನಲ್ಲಿ ‘ವರ್ಕ್‌ಏಡ್’ ಎಂಬ ಇನ್ನೊಂದು ಸಂಸ್ಥೆಯೂ ಇದೇ ಕೆಲಸಕ್ಕೆ ಇಳಿಯಿತು.

ಇಂಥ ಶೆಡ್ಡುಗಳಲ್ಲಿ ಸಂಬಳವಿಲ್ಲದೆ ದುಡಿದವರಲ್ಲಿ ಹೆಚ್ಚಿನವರು ನಿವೃತ್ತರು. ಬಂದ ಹತಾರನ್ನು ಬಂದ ಹಾಗೆ ಯಾರೂ ಹಡಗು ಹತ್ತಿಸುವುದಿಲ್ಲ. ತಂತಿಯ ಬ್ರಷ್ಷಿನಿಂದ ತುಕ್ಕು ತೆಗೆಯಬೇಕು, ಉಳಿಯನ್ನು ಸಾಣೆ ಹಿಡಿಯಬೇಕು, ಸಡಿಲವಾದ ಸುತ್ತಿಗೆಗೆ ಹೊಸ ಹಿಡಿ ಹಾಕಬೇಕು. ಆಮೇಲೆ ಬಡಗಿಗೆ ಬೇಕಾದದ್ದು ಒಂದು ಪೆಟ್ಟಿಗೆ, ದರ್ಜಿಗೆ ಬೇಕಾದದ್ದು ಒಂದು ಪೆಟ್ಟಿಗೆ. ಬರೀ ಸುತ್ತಿಗೆ ಸಿಕ್ಕಿ ಗರಗಸ ಸಿಗದಿದ್ದರೆ ಬಡಗಿ ಏನು ಮಾಡಿಯಾನು? ಕೈಯಿಂದ ತಿರುಗಿಸುವ ಹಳೆಯ ಹೊಲಿಗೆ ಯಂತ್ರಕ್ಕೆ ಅಲ್ಲಿ ಹೆಚ್ಚು ಮರ್ಯಾದೆ. ಕರೆಂಟು ಇಲ್ಲದ ಹಳ್ಳಿಯಲ್ಲಿ ಓಡುವುದು ಅದೇ.

ಈ ಸಂಗತಿ ಓದಿದಾಗ ನಮಗೆ ನಿಜವಾಗಿ ನಾಚಿಕೆಯಾಯಿತು. ಕೆಲವು ವರ್ಷಗಳ ಹಿಂದೆ ನಾವೂ ಒಂದು ಹೊಲಿಗೆ ಯಂತ್ರ ದಾನ ಮಾಡಿದ್ದೆವು, ಟೈಲರಿಂಗ್ ಕಲಿತ ಬಡ ಹುಡುಗಿಯೊಬ್ಬಳಿಗೆ. ಮೇಲಿನ ಧೂಳು ಒರಸಿ ಕೊಟ್ಟೆವು, ಅಷ್ಟೇ. ನಾಲ್ಕು ಜನ ಒಳ್ಳೆಯ ಮಾತಾಡಿದರು. ಒಂದು ವರ್ಷ ಕಳೆದ ಮೇಲೆ ಅವಳ ತಾಯಿಯ ಬಾಯಿಂದ ವಿಷಯ ಗೊತ್ತಾಯಿತು. ಬೆಲ್ಟು ಕೊಳೆತಿತ್ತು, ಒಳಗಿನ ಬಾಬಿನ್ ಕೇಸು ಸವೆದಿತ್ತು. ಹುಡುಗಿ ಅದನ್ನು ರಿಕ್ಷಾದಲ್ಲಿ ಉಪ್ಪಳಕ್ಕೆ ಒಯ್ದು, ಸಾಲ ಮಾಡಿ ಸರಿಪಡಿಸಿದ್ದಳು. ನಮಗೆ ಬೇಸರವಾದೀತೆಂದು ಹೇಳಿರಲಿಲ್ಲ. ಹೆಸರು ನಮಗೆ ಬಂತು, ಖರ್ಚು ಅವಳಿಗೆ.

ಮೀಂಜದಿಂದ ಆಫ್ರಿಕಾಕ್ಕೆ ಕಳುಹಿಸಿ ಎಂದು ನಾವು ಹೇಳುತ್ತಿಲ್ಲ. ಹಡಗಿನ ಬಾಡಿಗೆಯೇ ಹತಾರಿನ ಬೆಲೆಗಿಂತ ಹೆಚ್ಚಾದೀತು. ಬೇಕಾದ ಕೈಗಳು ನಮ್ಮ ಸುತ್ತಲೇ ಇವೆ. ಗಲ್ಫಿನ ವರ್ಕ್‌ಶಾಪುಗಳಲ್ಲಿ ದುಡಿದು ಬಂದು, ಮನೆಯಲ್ಲಿ ಹೊತ್ತು ಹೋಗದೆ ಕುಳಿತವರೂ ಕಡಿಮೆಯಿಲ್ಲ.

ಅಂಥವರೊಬ್ಬರು ಈಗ ನಮ್ಮ ಜಗಲಿಗೆ ಸಂಜೆ ಬರುತ್ತಾರೆ. ತೀರಿಹೋದ ಬಡಗಿಯೊಬ್ಬರ ಪೆಟ್ಟಿಗೆಯನ್ನು, ಕೆಲಸ ಕಲಿಯುವ ಹುಡುಗನಿಗಾಗಿ ಇಬ್ಬರೂ ಸೇರಿ ಸಿದ್ಧಪಡಿಸುತ್ತಿದ್ದೇವೆ. ಉಳಿಗಳು ಆಗಿವೆ. ಕೀಸುಳಿಯ ಅಲಗು ಮೂರು ಸಂಜೆ ತಿಂದಿತು. ಉಳಿದದ್ದು ಗರಗಸ. ಅರ ಹಾಕಿ ಹಲ್ಲು ಹರಿತ ಮಾಡಿ, ಒಂದು ಬಿಟ್ಟು ಒಂದನ್ನು ಆಚೀಚೆ ಬಾಗಿಸುವ ಕೆಲಸ ಇಬ್ಬರಿಗೂ ಬರುವುದಿಲ್ಲ. ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬನ್ನಿ. ಅರ ನಮ್ಮಲ್ಲಿದೆ, ಚಹಾವೂ ಇದೆ.